ಹಳೆಯ ಎಲೆಕ್ಟ್ರಿಕ್ ಗಿಟಾರ್‌ಗಳ ಒಳಗಿನ ಕೈಬರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಟಾರ್ ನುಡಿಸುವವರು, ದುರಸ್ತಿ ಮಾಡುವವರು, ಹಳೆಯ ವಾದ್ಯವೊಂದನ್ನು ಕೊಳ್ಳಬೇಕೆಂದು ಹಣ ಕೂಡಿಟ್ಟುಕೊಂಡವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಉತ್ತರಗಳಲ್ಲಿ ಬಹುಪಾಲು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಫೆಂಡರ್ ಕಾರ್ಖಾನೆಗೆ, ಅದರಲ್ಲೂ 1950 ಮತ್ತು 1960ರ ದಶಕಗಳಿಗೆ ಸಂಬಂಧಿಸಿವೆ. ಅದಕ್ಕೆ ಕಾರಣವೂ ಮುಂದೆ ಬರುತ್ತದೆ.

## ಮೊದಲ ಪರಿಚಯ

ಗಿಟಾರ್ ಒಳಗೆ ಕಾರ್ಮಿಕರು ಚೀಟಿ ಬರೆದಿಟ್ಟಿದ್ದರಂತೆ, ಹೌದಾ? ಏನು ಬರೆದಿರುತ್ತಿದ್ದರು?

ಚೀಟಿ ಎಂದ ಕೂಡಲೇ ಮಡಚಿಟ್ಟ ಕಾಗದ, ಮುಂದಿನ ಪೀಳಿಗೆಗೆ ಬರೆದ ಸಂದೇಶ ಎಂದು ಹಲವರು ಕಲ್ಪಿಸಿಕೊಳ್ಳುತ್ತಾರೆ. ಸಿಗುವುದು ಅಷ್ಟು ದೊಡ್ಡದೇನಲ್ಲ: ಪೆನ್ಸಿಲ್‌ನಲ್ಲಿ ಗೀಚಿದ ಒಂದು ತಾರೀಖು, ಎರಡು ಇನಿಷಿಯಲ್, ಬೆರಳುದ್ದದ ಮಾಸ್ಕಿಂಗ್ ಟೇಪಿನ ಮೇಲೆ ಒಬ್ಬ ಹೆಂಗಸಿನ ಹೆಸರು, ಕೆಲವೊಮ್ಮೆ ಬಳಿಯಬೇಕಾದ ಬಣ್ಣದ ಹೆಸರು. ತಮಾಷೆಯ ಮಾತು, ಚಿತ್ರ ಇತ್ಯಾದಿಗಳು ಅಪರೂಪಕ್ಕೆ ಕಾಣಿಸುತ್ತವೆ. ಬರೆದವರಿಗೆ ಅದು ದಿನದ ಕೆಲಸದ ಲೆಕ್ಕವಾಗಿತ್ತು. ಎಪ್ಪತ್ತು ವರ್ಷಗಳ ನಂತರ ಯಾರೋ ಭೂತಗನ್ನಡಿ ಹಿಡಿದು ಅದನ್ನು ಓದುತ್ತಾರೆಂಬ ಯೋಚನೆ ಅವರಿಗೆ ಇದ್ದಿರಲಾರದು. ಆದರೂ ಆ ಕಾಲದ ಕಂಪನಿಯ ಜಾಹೀರಾತುಗಳಲ್ಲಿ ಎಲ್ಲಿಯೂ ಕಾಣದ ಹೆಸರುಗಳು ಈ ಗೀಚುಗಳಲ್ಲಿ ಮಾತ್ರ ಉಳಿದಿವೆ. ಅದಕ್ಕಾಗಿಯೇ ಇವುಗಳಿಗೆ ಇಷ್ಟು ಬೆಲೆ.

ಇವು ಗಿಟಾರ್‌ನಲ್ಲಿ ಎಲ್ಲಿರುತ್ತವೆ? ಹೊರಗಿನಿಂದ ಕಾಣುತ್ತವೆಯೇ?

ಹೊರಗಿನಿಂದ ಕಾಣುವುದಿಲ್ಲ. ಹೆಚ್ಚಾಗಿ ಸಿಗುವ ಜಾಗಗಳು ನಾಲ್ಕು. ಮೊದಲನೆಯದು ನೆಕ್‌ನ ಬುಡ, ಅಂದರೆ ತಂತಿಗಳನ್ನು ಬೆರಳಿನಿಂದ ಒತ್ತುವ ಉದ್ದನೆಯ ಕುತ್ತಿಗೆ ಬಾಡಿಯೊಳಗೆ ಕೂರುವ ಚಪ್ಪಟೆ ತುದಿ. ಎರಡನೆಯದು ಬಾಡಿಯಲ್ಲಿ ಕೊರೆದ ಕುಳಿಗಳು: ಫೆಂಡರ್‌ನ ಸ್ಟ್ರಾಟೋಕಾಸ್ಟರ್ ಮಾದರಿಯಲ್ಲಿ ಹಿಂಬದಿಯ ಸ್ಪ್ರಿಂಗ್ ಕುಳಿ ಅಥವಾ ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಗಳು) ಕೆಳಗೆ, ಟೆಲಿಕಾಸ್ಟರ್ ಮಾದರಿಯಲ್ಲಿ ನೆಕ್ ಕೂರುವ ಕುಳಿ ಅಥವಾ ಪಿಕಪ್‌ನ ಗೂಡು. ಮೂರನೆಯದು ವೈರಿಂಗ್ ಇರುವ ಗೂಡಿನೊಳಗೆ ಅಂಟಿಸಿದ ಟೇಪಿನ ತುಂಡು. ನಾಲ್ಕನೆಯದು ಪಿಕಪ್‌ನ ತಳದ ಫೈಬರ್ ಹಾಳೆ. ನಾಲ್ಕೂ ಒಂದೇ ಗಿಟಾರ್‌ನಲ್ಲಿ ಸಿಕ್ಕರೆ ಅದು ಭಾಗ್ಯ; ಒಂದೂ ಇಲ್ಲದ ಅಸಲಿ ಗಿಟಾರ್‌ಗಳೂ ಸಾಕಷ್ಟಿವೆ.

ಕಾರ್ಖಾನೆಯಲ್ಲಿ ಯಾಕೆ ಬರೆಯಬೇಕಿತ್ತು? ಸೀರಿಯಲ್ ನಂಬರ್ ಇರುತ್ತಿತ್ತಲ್ಲ?

ಸೀರಿಯಲ್ ನಂಬರ್ ಇರುತ್ತಿದ್ದದ್ದು ಸ್ಟ್ರಾಟೋಕಾಸ್ಟರ್‌ನಂಥ ಗಿಟಾರ್‌ಗಳಲ್ಲಿ ನೆಕ್ಕನ್ನು ಬಾಡಿಗೆ ಬಿಗಿಯುವ ಲೋಹದ ಪ್ಲೇಟಿನ ಮೇಲೆ. ಪ್ಲೇಟುಗಳು ಡಬ್ಬಿಯಿಂದ ಕೈಗೆ ಸಿಕ್ಕ ಕ್ರಮದಲ್ಲಿ ಹೊರಬರುತ್ತಿದ್ದುದರಿಂದ ನಂಬರಿನ ಸಾಲು ಗಿಟಾರ್‌ಗಳು ತಯಾರಾದ ಸಾಲಲ್ಲ. ಇನ್ನು ನೆಕ್ ತಯಾರಾಗುವುದು ಒಂದು ಕಡೆ, ಬಾಡಿ ಇನ್ನೊಂದು ಕಡೆ, ಪಿಕಪ್ ಮತ್ತೊಂದು ಮೇಜಿನ ಮೇಲೆ. ಒಂದು ಕಂತಿನ ನೆಕ್‌ಗಳೆಲ್ಲ ಬಾಗಿದರೆ, ಅಥವಾ ಒಂದು ವಾರ ಜೋಡಿಸಿದ ವೈರಿಂಗ್‌ನಲ್ಲಿ ಬೆಸುಗೆ ಬಿಟ್ಟುಕೊಂಡರೆ, ಅದು ಯಾವ ದಿನದ ಯಾರ ಕೆಲಸವೆಂದು ಪತ್ತೆ ಹಚ್ಚಲು ಈ ಗುರುತುಗಳೇ ಆಧಾರ. ಇದನ್ನು ಕಲಾವಿದನ ಸಹಿಯಂತೆ ನೋಡುವುದಕ್ಕಿಂತ ಗಾರ್ಮೆಂಟ್ಸ್ ಕಾರ್ಖಾನೆಯ ತಪಾಸಣೆ ಚೀಟಿಯಂತೆ ನೋಡುವುದು ವಾಸ್ತವಕ್ಕೆ ಹತ್ತಿರ.

ಎಲ್ಲ ಉದಾಹರಣೆಗಳೂ ಫೆಂಡರ್ ಗಿಟಾರ್‌ದೇ. ಗಿಬ್ಸನ್‌ನವರು ಬರೆಯುತ್ತಿರಲಿಲ್ಲವೇ?

ಗಿಟಾರ್ ಕಟ್ಟುವ ವಿಧಾನದಲ್ಲೇ ಇದಕ್ಕೆ ಉತ್ತರವಿದೆ. ಫೆಂಡರ್‌ನ ನೆಕ್ ನಾಲ್ಕು ಸ್ಕ್ರೂಗಳಿಂದ ಬಿಗಿದದ್ದು. ಸ್ಕ್ರೂಡ್ರೈವರ್ ಇದ್ದರೆ ಐದು ನಿಮಿಷದಲ್ಲಿ ಬಿಚ್ಚಬಹುದು, ಬುಡದ ಬರಹವನ್ನು ಓದಬಹುದು. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ತಯಾರಾಗುತ್ತಿದ್ದ ಗಿಬ್ಸನ್ ಗಿಟಾರ್‌ಗಳ ನೆಕ್ಕನ್ನು ಅಂಟು ಹಾಕಿ ಕೂರಿಸುತ್ತಿದ್ದರು. ಅದನ್ನು ಬಿಡಿಸುವುದು ದೊಡ್ಡ ಶಸ್ತ್ರಚಿಕಿತ್ಸೆಯೇ ಸರಿ. ಗಿಬ್ಸನ್ ನೆಚ್ಚಿಕೊಂಡದ್ದು ಮೊಹರುಗಳನ್ನು: ಟೊಳ್ಳು ಬಾಡಿಯ ಗಿಟಾರ್‌ಗಳ ಒಳಗೆ ಶಾಯಿಯಲ್ಲಿ ಒತ್ತಿದ ಕಾರ್ಖಾನೆ ಆರ್ಡರ್ ಸಂಖ್ಯೆ, ಹೆಡ್‌ಸ್ಟಾಕ್‌ನ (ತಂತಿ ಬಿಗಿಯುವ ಕೀಲಿಗಳಿರುವ ತಲೆಭಾಗ) ಹಿಂದೆ ಸೀರಿಯಲ್ ನಂಬರ್, ಸಣ್ಣಪುಟ್ಟ ದೋಷವಿರುವ ಮಾಲಿಗೆ ಹಿಂದೆ ಒತ್ತಿದ ‘2’ ಎಂಬ ಅಂಕಿ. ಬ್ರೂಕ್ಲಿನ್‌ನ ಗ್ರೆಟ್ಶ್ ಕಾರ್ಖಾನೆಯ ಗಿಟಾರ್‌ಗಳ ಒಳಗೆ ಪೆನ್ಸಿಲ್‌ನಲ್ಲಿ ಬರೆದ ಸೀರಿಯಲ್ ನಂಬರ್ ಸಿಗುವುದುಂಟು. ಆದರೆ ಮನುಷ್ಯರ ಹೆಸರುಗಳು ಇಷ್ಟು ಧಾರಾಳವಾಗಿ ಸಿಗುವುದು ಫುಲ್ಲರ್ಟನ್‌ನ ವಾದ್ಯಗಳಲ್ಲಿ.

## ಬರೆದವರು ಯಾರು

ನೆಕ್ ಮೇಲೆ “ಟಿಜಿ” ಅಂತ ಇದ್ದರೆ ಅದು ಯಾರ ಹೆಸರು?

ತಾದೇಯೋ ಗೋಮೆಜ್ ಅವರದು. 1950ರ ದಶಕದ ಮೊದಲ ವರ್ಷಗಳಲ್ಲಿ ಫೆಂಡರ್‌ನಲ್ಲಿ ನೆಕ್‌ಗಳಿಗೆ ರೂಪ ಕೊಡುತ್ತಿದ್ದ ಕೆಲಸಗಾರ. ಮೇಪಲ್ ಮರದ ನೆಕ್ಕನ್ನು ಯಂತ್ರದಲ್ಲಿ ಸ್ಥೂಲವಾಗಿ ಕತ್ತರಿಸಿದ ಮೇಲೆ ಅದರ ಬೆನ್ನನ್ನು ಅಂಗೈಗೆ ಒಗ್ಗುವಂತೆ ಉಜ್ಜಿ ದುಂಡಗೆ ಮಾಡುವುದು ಕಣ್ಣಳತೆಯ ಮತ್ತು ಕೈಯಳತೆಯ ಕೆಲಸ. ಅದು ಮುಗಿದ ಮೇಲೆ ಬುಡದಲ್ಲಿ ಇನಿಷಿಯಲ್ ಮತ್ತು ತಾರೀಖು ಬೀಳುತ್ತಿತ್ತು.

ಈ ಗುರುತು ಇತಿಹಾಸಕ್ಕೆ ಎಷ್ಟು ಉಪಕಾರ ಮಾಡಿದೆ ಎಂಬುದಕ್ಕೆ ಒಂದು ಉದಾಹರಣೆ. ಫೆಂಡರ್ 1950ರಲ್ಲಿ ‘ಬ್ರಾಡ್‌ಕಾಸ್ಟರ್’ ಎಂಬ ಗಿಟಾರ್ ತಂದಿತು. ಗ್ರೆಟ್ಶ್ ಕಂಪನಿ ಅದೇ ಉಚ್ಚಾರದ ಹೆಸರಿನಲ್ಲಿ ಡ್ರಮ್ ಮಾರುತ್ತಿದ್ದುದರಿಂದ 1951ರ ಆರಂಭದಲ್ಲಿ ಆಕ್ಷೇಪ ಬಂತು. ಹೊಸ ಹೆಸರು ಹೊಳೆಯುವವರೆಗೆ ಕಾರ್ಖಾನೆಯವರು ಹೆಡ್‌ಸ್ಟಾಕ್‌ಗೆ ಅಂಟಿಸುವ ಲೇಬಲ್‌ನಿಂದ ಆ ಪದವನ್ನು ಕತ್ತರಿಸಿ, ‘ಫೆಂಡರ್’ ಎಂಬುದನ್ನಷ್ಟೇ ಅಂಟಿಸಿ ಮಾಲು ಕಳಿಸಿದರು. ಆ ಗಿಟಾರ್‌ಗಳನ್ನು ಸಂಗ್ರಾಹಕರು ‘ನೋಕಾಸ್ಟರ್’ ಎನ್ನುತ್ತಾರೆ. ಹೊರಗೆ ಮಾದರಿಯ ಹೆಸರೇ ಇಲ್ಲದ ಈ ಗಿಟಾರ್‌ಗಳು ಯಾವ ತಿಂಗಳಿನವೆಂದು ತಿಳಿಯಲು ನೆಕ್‌ನ ಬುಡದ ಪೆನ್ಸಿಲ್ ಬರಹವೇ ಮುಖ್ಯ ಆಧಾರ. ಕಂಪನಿ ತನ್ನ ಸರಕಿನ ಹೆಸರನ್ನು ಅಳಿಸುತ್ತಿದ್ದ ದಿನಗಳಲ್ಲಿ ಕೆಲಸಗಾರ ತನ್ನದನ್ನು ಬರೆಯುತ್ತಲೇ ಇದ್ದ.

ಟೇಪಿನ ಮೇಲಿನ ಮೇರಿ, ಗ್ಲೋರಿಯಾ, ವರ್ಜೀನಿಯಾ ಇವರೆಲ್ಲ ಯಾರು? ಗಿಟಾರ್ ಮಾಡಿದವರೇ?

ಇಡೀ ಗಿಟಾರ್ ಒಬ್ಬರೇ ಮಾಡಿದ್ದಲ್ಲ. ಈ ಹೆಸರುಗಳು ವೈರಿಂಗ್ ಮತ್ತು ಜೋಡಣೆಯ ಮೇಜಿನಲ್ಲಿ ಕೂತಿದ್ದ ಹೆಂಗಸರವು. ಪಿಕಪ್, ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳು (ತಿರುಗಿಸುವ ಗುಂಡಿಗಳ ಕೆಳಗಿನ ವಿದ್ಯುತ್ ಭಾಗಗಳು), ಸ್ವಿಚ್, ಜ್ಯಾಕ್ ಇವುಗಳನ್ನು ಬೆಸುಗೆ ಹಾಕಿ ಕೂಡಿಸುವುದು ಅವರ ಕೆಲಸ. ಕೂಡಿಸಿದ ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪಿನ ಮೇಲೆ ಹೆಸರು, ತಾರೀಖು ಬರೆದು ಗೂಡಿನೊಳಗೆ ಅಂಟಿಸುತ್ತಿದ್ದರು. ಫುಲ್ಲರ್ಟನ್ ಇರುವ ಆರೆಂಜ್ ಕೌಂಟಿ ಆಗ ಕಿತ್ತಳೆ ತೋಟಗಳ ಸೀಮೆ. ಕಾರ್ಖಾನೆಯಲ್ಲಿ ಮೆಕ್ಸಿಕನ್ ಮೂಲದ ಕುಟುಂಬಗಳ ಗಂಡಸರು, ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು.

ಟೇಪಿನ ಮೇಲಿರುವುದು ಸಾಮಾನ್ಯವಾಗಿ ಮೊದಲ ಹೆಸರು ಮಾತ್ರ. ಮನೆತನದ ಹೆಸರಿಲ್ಲ, ಊರಿಲ್ಲ. ಪಕ್ಕದ ಮೇಜಿನವರಿಗೆ ಅಷ್ಟು ಸಾಕಿತ್ತು, ನಮಗೆ ಸಾಲುವುದಿಲ್ಲ. ಹಾಗಿದ್ದೂ ಒಂದು ಹೆಸರು ಕಾರ್ಖಾನೆಯನ್ನು ದಾಟಿ ಬಹಳ ದೂರ ಹೋಯಿತು: ವಾದಕ ಎರಿಕ್ ಜಾನ್ಸನ್ ಅವರ 1954ರ ಸ್ಟ್ರಾಟೋಕಾಸ್ಟರ್‌ನ ಒಳಗಿನ ಟೇಪಿನಲ್ಲಿ ‘ವರ್ಜೀನಿಯಾ’ ಎಂದಿತ್ತು. ಗಿಟಾರ್‌ಗೆ ಅದೇ ಹೆಸರು ನಿಂತಿತು. 2020ರಲ್ಲಿ ಫೆಂಡರ್ ಕಂಪನಿ ಆ ವಾದ್ಯದ ಪ್ರತಿರೂಪವನ್ನು ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಸುಗೆ ಸರಿಯಿದೆ ಎಂದು ತಿಳಿಸಲು ಬರೆದ ಪದವೊಂದು ಅರವತ್ತಾರು ವರ್ಷಗಳ ನಂತರ ಮಾದರಿಯ ಹೆಸರಾಯಿತು.

ಪಿಕಪ್ ಸುತ್ತಿದವರ ಹೆಸರು ತಿಳಿಯಬಹುದೇ? ಅಬಿಗೇಲ್ ಅಂತ ಒಬ್ಬರ ಹೆಸರು ಕೇಳಿದ್ದೆ.

ಅಬಿಗೇಲ್ ಇಬಾರಾ. 1956ರಲ್ಲಿ ಫೆಂಡರ್ ಸೇರಿ, ಐದು ದಶಕಗಳಿಗೂ ಹೆಚ್ಚು ಕಾಲ ದುಡಿದು, 2013ರಲ್ಲಿ ನಿವೃತ್ತರಾದರು. ಪಿಕಪ್ ಎಂದರೆ ಆರು ಅಯಸ್ಕಾಂತದ ಕಡ್ಡಿಗಳ ಸುತ್ತ ತಲೆಗೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಸುಮಾರು 8,000 ಸುತ್ತು ಸುತ್ತಿದ ಉರುಳೆ. ಯಂತ್ರ ಉರುಳೆಯನ್ನು ತಿರುಗಿಸುತ್ತದೆ. ತಂತಿ ಎಡಕ್ಕೆ ಬಲಕ್ಕೆ ಹೇಗೆ ಹರಿದಾಡಬೇಕು, ಎಷ್ಟು ಬಿಗಿ ಇರಬೇಕು ಎಂಬುದನ್ನು ನಿರ್ಧರಿಸುತ್ತಿದ್ದದ್ದು ಸುತ್ತುವವರ ಬೆರಳು. ಬಿಗಿ ಹೆಚ್ಚಾದರೆ ತಂತಿ ಹರಿಯುತ್ತದೆ, ಕಡಿಮೆಯಾದರೆ ಉರುಳೆ ಸಡಿಲವಾಗಿ ಶಬ್ದ ಕಿರುಚುತ್ತದೆ. ಒಂದೇ ದಿನದ ಎರಡು ಪಿಕಪ್‌ಗಳು ಒಂದೇ ರೀತಿ ನುಡಿಯದಿರುವುದಕ್ಕೆ ಇದೂ ಒಂದು ಕಾರಣ.

1960ರ ದಶಕದ ಪಿಕಪ್‌ಗಳ ತಳದಲ್ಲಿ ಕೈಬರಹದ ಅಥವಾ ಮೊಹರಿನ ತಾರೀಖುಗಳು ಸಿಗುತ್ತವೆ. ಇಬಾರಾ ಅವರ ಸಹಿಯೇ ಬೇಡಿಕೆಯ ವಸ್ತುವಾದದ್ದು ಬಹಳ ತಡವಾಗಿ, ಕಂಪನಿಯ ವಿಶೇಷ ವಿಭಾಗವಾದ ಕಸ್ಟಮ್ ಶಾಪ್‌ನಲ್ಲಿ ಅವರು ಸುತ್ತಿದ ಪಿಕಪ್‌ಗಳಿಗೆ ಇನಿಷಿಯಲ್ ಹಾಕತೊಡಗಿದ ಮೇಲೆ. ಅವರ ಕೈಕೆಳಗೆ ಕಲಿತ ಹೊಸೆಫಿನಾ ಕಾಂಪೋಸ್ ಆ ಕೆಲಸವನ್ನು ಮುಂದುವರಿಸಿದರು.

## ಬರಹವನ್ನು ಓದುವುದು

ನನ್ನ ಸ್ನೇಹಿತನ ಗಿಟಾರ್‌ನಲ್ಲಿ 5-4-54 ಅಂತ ಇದೆ. ಏಪ್ರಿಲ್ ಐದು ಅಲ್ಲವೇ?

ಅಲ್ಲ, ಮೇ 4. ಅಮೆರಿಕದವರು ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತಾರೆ. ನಮ್ಮ ಕಡೆಯ ಓದುಗರು ಎಡವುವುದು ಇಲ್ಲೇ. ಎರಡೇ ಅಂಕಿಗಳಿದ್ದರೆ, ಉದಾಹರಣೆಗೆ 10-58 ಎಂದಿದ್ದರೆ, ಅದು 1958ರ ಅಕ್ಟೋಬರ್.

ನೆಕ್ ಬುಡದಲ್ಲಿ ಕೈಬರಹವಿಲ್ಲ, “13NOV66B” ಅಂತ ಮೊಹರಿದೆ. ಹದಿಮೂರನೇ ತಾರೀಖಿನಂದು ಮಾಡಿದ್ದಾ?

ಇಂಥ ಮೊಹರನ್ನು ಮಾರಾಟಗಾರರೇ ತಪ್ಪಾಗಿ ಓದಿ ಹೇಳುವುದನ್ನು ಕೇಳಿದ್ದೇನೆ. 1962ರ ವಸಂತದಿಂದ ಫೆಂಡರ್ ಪೆನ್ಸಿಲ್ ಬಿಟ್ಟು ರಬ್ಬರ್ ಮೊಹರಿಗೆ ಬಂತು. ಮೊದಲಿನ 13 ಎಂಬುದು ಮಾದರಿಯ ಸಂಕೇತ. ಆ ವರ್ಷಗಳಲ್ಲಿ ಅದು ಸ್ಟ್ರಾಟೋಕಾಸ್ಟರ್ ಎಂದರ್ಥ. ನಡುವಿನದು ತಿಂಗಳು ಮತ್ತು ವರ್ಷ. ಕೊನೆಯ ಅಕ್ಷರ ನೆಕ್‌ನ ಅಗಲ: ತಂತಿಗಳು ಹೆಡ್‌ಸ್ಟಾಕ್‌ಗೆ ಹೋಗುವ ಕಡೆ ‘ಎ’ ಎಂದರೆ ಒಂದೂವರೆ ಇಂಚು, ‘ಬಿ’ ಎಂದರೆ ಒಂದು ಇಂಚು ಮತ್ತು ಐದು ಎಂಟಾಂಶ, ‘ಸಿ’ ಎಂದರೆ ಒಂದೂಮುಕ್ಕಾಲು. ತಿಂಗಳ ಯಾವ ದಿನ ಎಂಬುದು ಅಲ್ಲಿ ಇಲ್ಲವೇ ಇಲ್ಲ. ಮೊಹರಿನಿಂದ ಮಾಹಿತಿ ಹೆಚ್ಚಾಯಿತು, ಮನುಷ್ಯ ಮಾಯವಾದ. 1965ರ ಜನವರಿಯಲ್ಲಿ ಸಿಬಿಎಸ್ ಎಂಬ ಅಮೆರಿಕದ ಪ್ರಸಾರ ಸಂಸ್ಥೆ 1 ಕೋಟಿ 30 ಲಕ್ಷ ಡಾಲರ್‌ಗೆ ಫೆಂಡರ್ ಅನ್ನು ಕೊಂಡದ್ದರಿಂದ ಕೈಬರಹ ಹೋಯಿತು ಎಂಬ ಮಾತು ಚಾಲ್ತಿಯಲ್ಲಿದೆ. ನೆಕ್‌ನ ಮಟ್ಟಿಗೆ ಆ ಬದಲಾವಣೆ ಕಂಪನಿಯ ಸ್ಥಾಪಕ ಲಿಯೋ ಫೆಂಡರ್ ಅವರೇ ಒಡೆಯರಾಗಿದ್ದಾಗ, ಸುಮಾರು ಮೂರು ವರ್ಷ ಮೊದಲೇ ಆಗಿತ್ತು.

ನೆಕ್ ಮೇಲೆ ಒಂದು ತಿಂಗಳು, ಬಾಡಿ ಮೇಲೆ ಇನ್ನೊಂದು. ಯಾರೋ ಬದಲಾಯಿಸಿ ಮೋಸ ಮಾಡಿದ್ದಾರಾ?

ಕೆಲವು ತಿಂಗಳ ವ್ಯತ್ಯಾಸಕ್ಕೆ ಗಾಬರಿಯಾಗಬೇಕಿಲ್ಲ. ತಯಾರಾದ ನೆಕ್‌ಗಳು, ಬಾಡಿಗಳು ರಾಶಿಯಲ್ಲಿ ಕಾಯುತ್ತಿದ್ದವು. ಮೊದಲು ಬಂದದ್ದನ್ನೇ ಮೊದಲು ತೆಗೆಯಬೇಕೆಂಬ ಶಿಸ್ತು ಇರಲಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ವಾದಕ ಡೇವಿಡ್ ಗಿಲ್ಮರ್ ಅವರ ಬಳಿಯಿದ್ದ, ಸೀರಿಯಲ್ ನಂಬರ್ 0001 ಇರುವ ಬಿಳಿ ಸ್ಟ್ರಾಟೋಕಾಸ್ಟರ್ ಇದಕ್ಕೆ ಒಳ್ಳೆಯ ನಿದರ್ಶನ: ಅದರ ನೆಕ್ 1954ರ ಜೂನ್‌ನದು, ಬಾಡಿ ಸೆಪ್ಟೆಂಬರ್‌ನದು. ನಂಬರ್ ಒಂದು ಎಂದು ಪ್ಲೇಟಿನ ಮೇಲಿದ್ದರೂ ಅದು ಮೊದಲ ಸ್ಟ್ರಾಟೋಕಾಸ್ಟರ್ ಅಲ್ಲ ಎಂಬುದನ್ನು ಒಳಗಿನ ತಾರೀಖುಗಳು ತೋರಿಸುತ್ತವೆ. 2019ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಅದು 18 ಲಕ್ಷ 15 ಸಾವಿರ ಡಾಲರ್‌ಗೆ ಮಾರಾಟವಾಯಿತು. ವ್ಯತ್ಯಾಸ ವರ್ಷಗಳಷ್ಟಾದರೆ ಮಾತು ಬೇರೆ. ಆಗ ನೆಕ್ ಅಥವಾ ಬಾಡಿ ನಡುವೆ ಎಲ್ಲೋ ಬದಲಾಗಿರುವ ಸಾಧ್ಯತೆಯೇ ಹೆಚ್ಚು.

ಸ್ಟೀವಿ ರೇ ವಾನ್ ತನ್ನ ಗಿಟಾರನ್ನು 1959ರದು ಅನ್ನುತ್ತಿದ್ದ. ಪುಸ್ತಕಗಳಲ್ಲಿ ಬೇರೆ ಇದೆ. ಯಾವುದು ಸರಿ?

ಪಿಕಪ್‌ಗಳ ಹಿಂಬದಿಯಲ್ಲಿ 1959 ಎಂದಿದ್ದುದನ್ನು ನೋಡಿ ಅಮೆರಿಕದ ಬ್ಲೂಸ್ ವಾದಕರಾದ ವಾನ್ ಇಡೀ ಗಿಟಾರನ್ನು ಆ ವರ್ಷದ್ದೆಂದರು. ಅವರ ಗಿಟಾರನ್ನು ನೋಡಿಕೊಳ್ಳುತ್ತಿದ್ದ ತಂತ್ರಜ್ಞರು ಬಿಚ್ಚಿದಾಗ ನೆಕ್ 1962ರದು, ಬಾಡಿ 1963ರದು ಎಂದು ತಿಳಿಯಿತು. ಒಂದು ಬರಹ ತಾನು ಅಂಟಿಕೊಂಡಿರುವ ಭಾಗದ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತದೆ. ಇಷ್ಟು ನೆನಪಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

## ಪರೀಕ್ಷೆ, ಜೋಪಾನ ಮತ್ತು ಬೆಲೆ

ಪೆನ್ಸಿಲ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು. ಅಸಲಿ ಬರಹ ಎಂದು ಹೇಗೆ ನಂಬುವುದು?

ಬರಹವನ್ನು ಮಾತ್ರ ನೋಡಿ ನಂಬಬಾರದು. ಸುತ್ತಲಿನ ಸಾಕ್ಷಿಗಳು ಅದರ ಜೊತೆ ತಾಳೆಯಾಗಬೇಕು. ಇವುಗಳಲ್ಲಿ ಬಹಳ ಉಪಯುಕ್ತವಾದದ್ದು ಪಾಟ್‌ನ ಬೆನ್ನ ಮೇಲೆ ಒತ್ತಿದ ಅಂಕಿಗಳು. ಮೊದಲ ಮೂರು ಅಂಕಿ ತಯಾರಕರ ಸಂಕೇತ: 304 ಎಂದರೆ ಸ್ಟ್ಯಾಕ್‌ಪೋಲ್, 137 ಎಂದರೆ ಸಿಟಿಎಸ್. ನಂತರ ವರ್ಷ, ವಾರ. 1376612 ಎಂದರೆ ಸಿಟಿಎಸ್‌ನವರು 1966ರ ಹನ್ನೆರಡನೇ ವಾರ ಮಾಡಿದ್ದು. 1950ರ ದಶಕದಲ್ಲಿ ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ ದಶಕವನ್ನು ಬೇರೆ ಲಕ್ಷಣಗಳಿಂದ ಊಹಿಸಬೇಕು. ಪಾಟ್ ತಯಾರಾಗುವ ಮೊದಲೇ ಗಿಟಾರ್ ತಯಾರಾಗಿರಲಾರದು, ತಡವಾಗಿ ಆಗಿರಬಹುದು. ಫೆಂಡರ್ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ತರಿಸಿಕೊಂಡದ್ದರಿಂದ ಆ ವರ್ಷದ ಪಾಟ್‌ಗಳು ದಶಕದ ಕೊನೆಯ ಗಿಟಾರ್‌ಗಳಲ್ಲೂ ಸಿಗುತ್ತವೆ.

ಇನ್ನೊಂದು ಸಾಕ್ಷಿ ಮರದ್ದು. 1959ರ ಹೊತ್ತಿಗೆ ಮೇಪಲ್ ನೆಕ್ ಮೇಲೆ ರೋಸ್‌ವುಡ್‌ನ ಬೆರಳುಹಲಗೆ ಬಂತು. 1962ರ ಮಧ್ಯದವರೆಗೆ ಅದು ದಪ್ಪವಾಗಿ, ತಳ ಚಪ್ಪಟೆಯಾಗಿರುತ್ತಿತ್ತು. ನಂತರ ತೆಳುವಾಗಿ, ತಳ ಕಮಾನಿನಂತೆ ಬಾಗಿರುತ್ತದೆ. ನೆಕ್ಕನ್ನು ಬಿಚ್ಚಿ ಬುಡದ ತುದಿಯಿಂದ ನೋಡಿದರೆ ಎರಡು ಮರಗಳು ಕೂಡುವ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಪೆನ್ಸಿಲ್ 1960 ಎನ್ನುತ್ತಿದ್ದು ಗೆರೆ ಬಾಗಿದ್ದರೆ, ನಾನು ಗೆರೆಯನ್ನು ನಂಬುತ್ತೇನೆ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯೊಲೆಟ್ ದೀಪ ಹಿಡಿದರೆ ಹಳೆಯ ನೈಟ್ರೋಸೆಲ್ಯುಲೋಸ್ ಪಾಲಿಶ್ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ಹೊಸ ತೇಪೆಗಳು ಬೇರೆಯಾಗಿ ಎದ್ದು ಕಾಣುತ್ತವೆ. ಬೆಸುಗೆಗಳನ್ನು ಮತ್ತೆ ಕರಗಿಸಿದ್ದಾರೆಯೇ ಎಂಬುದನ್ನೂ ನೋಡಬೇಕು: ವೈರಿಂಗ್ ಹೊಸದು, ಟೇಪು ಮಾತ್ರ 1954ರದು ಎಂದರೆ ಆ ಟೇಪಿನ ಮಾತಿಗೆ ತೂಕವಿಲ್ಲ.

ನಾನೇ ಬಿಚ್ಚಿ ನೋಡಬಹುದೇ? ಏನು ಜಾಗ್ರತೆ ಬೇಕು?

ನೋಡಬಹುದು, ಆದರೆ ಕುತೂಹಲಕ್ಕಾಗಿ ಪದೇ ಪದೇ ಬಿಚ್ಚಬೇಡಿ. ಮರದಲ್ಲಿನ ಸ್ಕ್ರೂ ರಂಧ್ರಗಳು ಪ್ರತಿ ಸಲವೂ ಸವೆಯುತ್ತವೆ. ಮೊದಲು ತಂತಿಗಳನ್ನು ಪೂರ್ತಿ ಸಡಿಲಿಸಿ. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಿಡಿದು, ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬನ್ನಿ. ನೆಕ್ಕನ್ನು ಎಳೆಯದೆ ಮೆಲ್ಲಗೆ ಮೇಲೆತ್ತಿ. ಕುಳಿಯಲ್ಲಿ ತೆಳುವಾದ ಚಕ್ಕೆಯೊಂದು ಇಟ್ಟಿದ್ದರೆ ಅದನ್ನು ಅದೇ ಜಾಗಕ್ಕೆ ಮರಳಿಸಿ. ಬೆಳಕನ್ನು ಮೇಲಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಮಾಸಿದ ಪೆನ್ಸಿಲ್ ಗೆರೆಯೂ ಎದ್ದು ಬರುತ್ತದೆ. ಫೋಟೋ ತೆಗೆದು, ಮುಟ್ಟದೆ ಮುಚ್ಚಿ.

ಅಲ್ಲೆಲ್ಲ ಧೂಳು, ಜಿಡ್ಡು ತುಂಬಿದೆ. ಸ್ವಚ್ಛ ಮಾಡಲೇ?

ಬೇಡ. ಇದನ್ನು ಸ್ವಂತ ಅನುಭವದಿಂದಲೇ ಹೇಳುತ್ತಿದ್ದೇನೆ. ಬಹಳ ವರ್ಷಗಳ ಹಿಂದೆ, ಹೆಸರಾಂತ ಕಂಪನಿಯದೇನೂ ಅಲ್ಲದ ಒಂದು ಹಳೆಯ ಗಿಟಾರ್‌ನ ನೆಕ್ ಬಿಚ್ಚಿ, ಬುಡದಲ್ಲಿ ಕಂಡ ಕಪ್ಪನ್ನು ಕೊಳೆಯೆಂದುಕೊಂಡು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಒರೆಸಿದ ಮೇಲೆ ಬಟ್ಟೆಯ ಮೇಲೆ ಬೂದು ಬಣ್ಣದ ಮಸಿ, ಮರದ ಮೇಲೆ ಒಂದು ಅಕ್ಷರದ ಬಾಲ. ಅದು ‘ಆರ್’ ಆಗಿತ್ತೋ ‘ಕೆ’ ಆಗಿತ್ತೋ ಎಂಬುದನ್ನು ಈಗ ಯಾರೂ ಹೇಳಲಾರರು. ಉಪ್ಪುಕಾಗದ ಹಿಡಿದು ಬುಡವನ್ನು ಸಮ ಮಾಡುವ ದುರಸ್ತಿಗಾರರೂ ಇದ್ದಾರೆ. ಕೊಡುವ ಮೊದಲೇ ಬೇಡವೆಂದು ಹೇಳಿಬಿಡಿ. ಟೇಪಿನ ಅಂಟು ಒಣಗಿ ಅಂಚು ಎದ್ದಿದ್ದರೆ ಹೊಸ ಅಂಟು ಹಾಕುವುದೂ ಬೇಡ, ಕೀಳುವುದೂ ಬೇಡ. ತಾನಾಗಿ ಬಿದ್ದರೆ ಒಂದು ಕಾಗದದ ಲಕೋಟೆಯಲ್ಲಿಟ್ಟು ಗಿಟಾರ್‌ನ ಪೆಟ್ಟಿಗೆಯಲ್ಲೇ ಇಡಿ.

ಹೆಸರು ಇದ್ದರೆ ಗಿಟಾರ್‌ಗೆ ಬೆಲೆ ಹೆಚ್ಚಾ?

ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ವರ್ಷ, ಮಾದರಿ, ಭಾಗಗಳೆಲ್ಲ ಮೂಲದವೇ ಎಂಬುದು ಮತ್ತು ಪಾಲಿಶ್ ಮುಟ್ಟದೆ ಉಳಿದಿದೆಯೇ ಎಂಬುದು. ಬರಹ ಇವನ್ನು ಸಮರ್ಥಿಸಿದರೆ ಕೊಳ್ಳುವವರಿಗೆ ಧೈರ್ಯ ಬರುತ್ತದೆ. ‘ಟಿಜಿ’ ಇದ್ದ ಮಾತ್ರಕ್ಕೆ ನೆಕ್ ಕೈಗೆ ಹಿತವಾಗಿರುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದನ್ನು ನುಡಿಸಿಯೇ ತಿಳಿಯಬೇಕು.

ನಮ್ಮ ಕಡೆಗೂ ಈ ಗಿಟಾರ್‌ಗಳಿಗೂ ಏನಾದರೂ ನಂಟಿದೆಯೇ?

ಮರದ ನಂಟಿದೆ. ಮೊದಲಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದ ಫೆಂಡರ್ 1960ರ ದಶಕದ ಉತ್ತರಾರ್ಧದಲ್ಲಿ ಭಾರತದ ರೋಸ್‌ವುಡ್‌ಗೆ ಬಂತು. ಅದು ನಮ್ಮ ಮಲೆನಾಡು, ಕೊಡಗುಗಳಲ್ಲಿ ಬೆಳೆಯುವ ಬೀಟೆ. ಆ ಕಾಲದ ಗಿಟಾರ್‌ನ ಬೆರಳುಹಲಗೆಯ ತುಂಡು ಪಶ್ಚಿಮಘಟ್ಟದ ಯಾವ ಇಳಿಜಾರಿನಿಂದ ಹೋಯಿತೆಂದು ಹೇಳುವ ಗುರುತು ಅದರ ಮೇಲಿಲ್ಲ. ನೆಕ್‌ನ ಬುಡದಲ್ಲಿ ತಿಂಗಳು, ವರ್ಷ, ಅಗಲ ಎಲ್ಲವನ್ನೂ ಒತ್ತಿದವರು ಮರ ಕಡಿದವರ ಹೆಸರನ್ನು ಕೇಳಿರಲಿಲ್ಲ.